ಬೆನ್ನ ಹಿಂದೆ ಹುಟ್ಟುವ ಸೂರ್ಯ

ಓದುಗರ ಪ್ರಶ್ನೆ: ಕ್ಯಾಮೆರಾ

ಪ್ರಶ್ನೆ: ಸಂಪಾಜೆ ಘಾಟಿ ಇಳಿದು ಹೋಗಿ ಸೋಮೇಶ್ವರದ ಕಡಲತೀರದಲ್ಲಿ ನಸುಕಿನಲ್ಲೇ ಫೋಟೊ ತೆಗೆದೆ. ಬಣ್ಣದಲ್ಲಿ ಗುಲಾಬಿ ಆಕಾಶ, ತಿಳಿನೀಲಿ ನೀರು ಚೆನ್ನಾಗಿಯೇ ಬಂದಿದೆ. ಕಪ್ಪು-ಬಿಳುಪು ಮಾಡಿದರೆ ಎಲ್ಲ ಒಂದೇ ಬೂದು. ಕಾಂಟ್ರಾಸ್ಟ್ ಏರಿಸಿದರೆ ನೊರೆ ಸುಟ್ಟುಹೋಗುತ್ತದೆ. ಏನು ಮಾಡಲಿ?
– ಓದುಗರು, ಮಡಿಕೇರಿ

ಉತ್ತರ: ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಕಡೆಯಿಂದ. ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ನಿಮ್ಮ ಬೆನ್ನ ಹಿಂದೆ. ನೀರಿನ ಮೇಲೆ ಹೊಳೆಯುವ ದಾರಿಯೂ ಇಲ್ಲ, ಕಪ್ಪು ಬಂಡೆಯ ಅಂಚೂ ಇಲ್ಲ. ಇರುವುದು ಪಡುವಣ ದಿಗಂತದಲ್ಲಿ ಭೂಮಿಯ ನೆರಳಿನ ನೀಲಿ ಪಟ್ಟಿ, ಅದರ ಮೇಲೊಂದು ಗುಲಾಬಿ ಪಟ್ಟಿ. ಎರಡರ ಹೊಳಪೂ ಹೆಚ್ಚುಕಮ್ಮಿ ಒಂದೇ, ಬೇರೆಯಾಗಿರುವುದು ಬಣ್ಣ ಮಾತ್ರ. ಸ್ಯಾಚುರೇಷನ್ (ಬಣ್ಣದ ತೀವ್ರತೆ) ಸೊನ್ನೆ ಮಾಡಿದಿರೋ, ಇದ್ದ ಆ ಒಂದು ವ್ಯತ್ಯಾಸವನ್ನೂ ಅಳಿಸಿದಂತಾಯಿತು. ಆಮೇಲೆ ಕಾಂಟ್ರಾಸ್ಟ್ ಎಷ್ಟು ಎಳೆದರೂ ಇಲ್ಲದ್ದು ಬರುವುದಿಲ್ಲ.

ಆದ್ದರಿಂದ ಬಣ್ಣ ಇರುವಾಗಲೇ ಕೆಲಸ ಶುರುಮಾಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ತೆರೆದು ಮೊದಲು ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೊದಿಂದ ತೆಗೆದು 5500 ಕೆಲ್ವಿನ್ ಹತ್ತಿರ ಇಡಿ. ಆಟೊ ಅನೇಕ ಸಲ ಗುಲಾಬಿಯನ್ನೇ ತೊಳೆದುಬಿಡುತ್ತದೆ. ನಂತರ ಯಾವ ಬಣ್ಣ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಕಾಣಬೇಕೆಂದು ಹೊಂದಿಸುವ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸರ್‌ಗೆ ಹೋಗಿ. ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ ಎಂಟು ಸ್ಲೈಡರ್ ಇವೆ. ಇಲ್ಲಿ ಬೇಕಾಗುವುದು ಮೂರು. ಮೆಜೆಂಟಾ +25, ರೆಡ್ +15, ಬ್ಲೂ −25. ಇದು ಆರಂಭದ ಅಂದಾಜು ಅಷ್ಟೆ, ಚಿತ್ರ ನೋಡಿ ಹೊಂದಿಸಿ. ಗುಲಾಬಿ ಪಟ್ಟಿ ಬೆಳಗುತ್ತದೆ, ದಿಗಂತ ಗಾಢವಾಗುತ್ತದೆ.

ಇಲ್ಲಿಯೇ ಎಡವುವುದು ಹೆಚ್ಚು. ಬೆಳಗಿನ ಆ ಹೊತ್ತಿನಲ್ಲಿ ನೊರೆಯೂ ಅಚ್ಚ ಬಿಳಿಯಲ್ಲ, ಅದಕ್ಕೆ ಆಕಾಶದ ನೀಲಿ ಅಂಟಿರುತ್ತದೆ. ಬ್ಲೂ ಇಳಿಸಿದೊಡನೆ ನೊರೆ ಬಟ್ಟೆ ಒಗೆದ ನೀರಿನಂತೆ ಕಾಣುತ್ತದೆ. ನೊರೆಯ ಮೇಲೆ ಮಾತ್ರ ಬ್ರಷ್ ಆಡಿಸಿ, ಎಕ್ಸ್‌ಪೋಷರ್ +0.3ರಿಂದ +0.5 ಏರಿಸಿ. ಹಿಸ್ಟೋಗ್ರಾಮ್ (ಹೊಳಪಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ತಾಗಬಾರದು. ಕಾಂಟ್ರಾಸ್ಟ್ ಬೇಕಿದ್ದರೆ ಕೊನೆಗೆ, ಕರ್ವ್‌ನಲ್ಲಿ (ಕಪ್ಪು, ಬೂದು, ಬಿಳಿಯ ಹೊಳಪನ್ನು ಬೇರೆಬೇರೆಯಾಗಿ ಹೊಂದಿಸುವ ಗೆರೆ).

ಮುಂದಿನ ಸಲ ತೆಗೆಯುವಾಗ: ಶಟರ್ ಅರ್ಧದಿಂದ ಒಂದು ಸೆಕೆಂಡ್ ತೆರೆದಿಟ್ಟರೆ ಹಿಂದೆ ಸರಿಯುವ ಅಲೆಯ ಗೆರೆಗಳು ಉಳಿಯುತ್ತವೆ. 1/30 ಸೆಕೆಂಡ್ ಸಾಕಾಗುವಷ್ಟು ಬೆಳಕಿದ್ದಾಗ ಲೆನ್ಸಿಗೆ ಬೆಳಕು ತಗ್ಗಿಸುವ 6 ಸ್ಟಾಪ್ ಎನ್‌ಡಿ ಫಿಲ್ಟರ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಹಾಕಿದರೆ ಸುಮಾರು 2 ಸೆಕೆಂಡ್, 10 ಸ್ಟಾಪ್‌ಗೆ 34 ಸೆಕೆಂಡ್. ಅಷ್ಟು ಹೊತ್ತಿಗೆ ಕಡಲು ಹೊಗೆಯಾಗುತ್ತದೆ. ನನಗೆ ಗೆರೆಗಳೇ ಇಷ್ಟ. ಒದ್ದೆ ಮರಳಲ್ಲಿ ಪ್ರತಿ ಅಲೆಗೂ ಟ್ರೈಪಾಡ್ ಕಾಲು ಕುಸಿಯುತ್ತದೆ. ಮೊದಲೇ ಬಲವಾಗಿ ಒತ್ತಿ ಹೂತು, ಆಮೇಲೆ ದಿಗಂತ ಸಮ ಮಾಡಿ.

ಪ್ರಶ್ನೆ: ನೀಲಿ ಸ್ಲೈಡರ್ ಎಳೆದರೆ ಆಕಾಶದಲ್ಲಿ ಕಲೆಕಲೆ, ಚೌಕಚೌಕ ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ಪೇಲವ ಆಕಾಶದಲ್ಲಿ ನಾಯ್ಸ್‌ನಿಂದಾಗಿ (ಚಿತ್ರದಲ್ಲಿ ಬರುವ ಬೇಡದ ಚುಕ್ಕಿಗಳು) ಒಂದು ಬಿಂದು ನೀಲಿ, ಪಕ್ಕದ್ದು ನೇರಳೆ ಎಂದು ಲೆಕ್ಕಕ್ಕೆ ಬರುತ್ತದೆ. ಸ್ಲೈಡರ್ ಒಂದನ್ನು ಇಳಿಸಿ ಇನ್ನೊಂದನ್ನು ಬಿಡುತ್ತದೆ, ಅದೇ ಕಲೆ. ಚೌಕಗಳು ಬಂದಿವೆ ಎಂದರೆ ನೀವು ಜೆಪೆಗ್ ಬಳಸಿದ್ದೀರಿ. ಅದು ಬಣ್ಣವನ್ನು ತುಣುಕುತುಣುಕಾಗಿ ಅದುಮಿ ಇಡುತ್ತದೆ, ಬಣ್ಣವೊಂದಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ರಾ ಬಳಸಿ, ಕಲರ್ ನಾಯ್ಸ್ ರಿಡಕ್ಷನ್ ಅನ್ನು ಸ್ವಲ್ಪ ಏರಿಸಿ, ಬ್ಲೂ ಜೊತೆಗೆ ಪರ್ಪಲ್ ಅನ್ನೂ ಇಳಿಸಿ. ಇನ್ನೂ ಗಾಢ ಬೇಕೆಂದರೆ ಆಕಾಶಕ್ಕೆ ಗ್ರೇಡಿಯಂಟ್ ಮಾಸ್ಕ್ (ತಿದ್ದುಪಡಿ ಮೆಲ್ಲನೆ ಕರಗುತ್ತ ಹೋಗುವ ಮುಸುಕು) ಹಾಕಿ.

ಪ್ರಶ್ನೆ: ಮಾಂದಲಪಟ್ಟಿಯಲ್ಲಿ ಕಡಲಿನಂತೆ ಹರಡಿದ ಮಂಜಿಗೂ ಇದೇ ಲೆಕ್ಕವೇ?
– ಓದುಗರು, ಸೋಮವಾರಪೇಟೆ

ಉತ್ತರ: ಅಲ್ಲ. ಮೂಡಣಕ್ಕೆ ತಿರುಗಿ ತೆಗೆದರೆ ಬೆಳಕು ಎದುರಿನದು. ಮಂಜಿಗೆ ಬಣ್ಣವೇ ಕಡಿಮೆ, ಮಿಕ್ಸರ್‌ಗೆ ಹಿಡಿಯಲು ಏನೂ ಸಿಗದು. ಕರ್ವ್‌ನಲ್ಲಿ ಗುಡ್ಡದ ಸಾಲುಗಳನ್ನು ಒಂದೊಂದಾಗಿ ಬಿಡಿಸಿ. ಡಿಹೇಜ್ ಮಾತ್ರ ಮುಟ್ಟಬೇಡಿ, ಮಂಜನ್ನು ತೆಗೆಯಲೆಂದೇ ಇರುವ ಸ್ಲೈಡರ್ ಅದು. ಪಡುವಣಕ್ಕೆ ತೆರೆದ ರಾಜಾಸೀಟ್‌ನಲ್ಲಿ ಬೆಳಿಗ್ಗೆ ತೆಗೆದಿದ್ದರೆ ಮಡಿಕೇರಿಯವರಿಗೆ ಕೊಟ್ಟ ಉತ್ತರವೇ ಸಾಕು.