3060 12 ಜಿಬಿನಾ, 4060 8 ಜಿಬಿನಾ? ಮೊದಲು ನನ್ನ ಜಿಟಿ 730 ಕಥೆ ಕೇಳಿ

ಹಾಸನದವನು, ಬ್ಲೆಂಡರ್ (3ಡಿ ದೃಶ್ಯ ಮಾಡೋ ಸಾಫ್ಟ್‌ವೇರ್) ಕಲೀತಿದ್ದೀನಿ, ಸಂಜೆ ಗೇಮ್ ಆಡ್ತೀನಿ, ಗ್ರಾಫಿಕ್ಸ್ ಕಾರ್ಡ್ ತಗೋಬೇಕು, ಆರ್‌ಟಿಎಕ್ಸ್ 3060ರಲ್ಲಿ ಕೋರೂ (ಲೆಕ್ಕ ಮಾಡೋ ಪುಟ್ಟ ಘಟಕಗಳು) ಜಾಸ್ತಿ ಮೆಮೊರಿನೂ ಜಾಸ್ತಿ, ಆದರೂ ಎಲ್ಲರೂ 4060 ಅಂತಾರಲ್ಲ ಯಾಕೆ ಅಂತ ಕೇಳಿದ್ದೀರಿ. ಓದಿದ ತಕ್ಷಣ 2015ರ ನಾನೇ ಎದುರಿಗೆ ಬಂದು ಕೂತಂಗಾಯ್ತು.

ಆಗ ಡಿಪ್ಲೊಮಾ ಎರಡನೇ ವರ್ಷ. ನಮ್ಮೂರು ದುದ್ದದ ಹತ್ತಿರ. ಆ ಸಲ ಆಲೂಗೆಡ್ಡೆಗೆ ಅಂಗಮಾರಿ ಬರದೆ ನಾಕು ಕಾಸು ಉಳಿದಿತ್ತು. ಅಪ್ಪ ಹನ್ನೊಂದು ಸಾವಿರ ಎಣಿಸಿ ಕೈಗಿಟ್ಟು, "ಓದೋಕೆ ತಾನೇ?" ಅಂದರು. ಹೂಂ ಅಂದೆ. ಜಿಟಿಎ 5 ಪಿಸಿಗೆ ಬಂದು ಐದಾರು ತಿಂಗಳಾಗಿತ್ತು, ಇನ್ನು ನೀವೇ ಅರ್ಥ ಮಾಡ್ಕೊಳ್ಳಿ.

ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿಗೆ ನುಗ್ಗಿದೆ. ಜೇಬಲ್ಲಿದ್ದ ಚೀಟಿಯಲ್ಲಿ ಒಂದೇ ಹೆಸರು: ಜಿಟಿಎಕ್ಸ್ 750 ಟಿಐ, 2 ಜಿಬಿ. ಪೆನ್ಷನ್ ಮೊಹಲ್ಲಾದ ನನ್ನ ಸ್ನೇಹಿತನ ಹತ್ತಿರ ಅದೇ ಇತ್ತು. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಜಿಟಿ 730 ಇಟ್ಟಿದ್ರು. ಡಬ್ಬದ ಮೇಲೆ ಅಂಗೈ ಅಗಲ "4 ಜಿಬಿ". ಬೆಲೆ ಹೆಚ್ಚುಕಮ್ಮಿ ಅರ್ಧ. ಎರಡರ ಬದಲು ನಾಕು, ಅದೂ ಅರ್ಧ ದುಡ್ಡಿಗೆ! ಅಂಗಡಿಯವನು ಪಾಪ ಹೇಳಿದ, "ಅದರ ಮೆಮೊರಿ ಡಿಡಿಆರ್ 3 ಕಣಪ್ಪ, ನಿಧಾನದ್ದು, ಗೇಮ್‌ಗಾದ್ರೆ ಇದನ್ನ ತಗೋ" ಅಂತ. ಜಾಸ್ತಿ ಬೆಲೆದು ತಗುಲಿಸೋಕೆ ನೋಡ್ತಾವ್ನೆ ಅಂತ ನಾನು ಮನಸ್ಸಲ್ಲೇ ನಕ್ಕೆ. ಕುಣಿಗಲ್ ದಾಟೋವರೆಗೂ ಡಬ್ಬ ತೊಡೆ ಮೇಲೇ ಇತ್ತು. "ಡಿಡಿಆರ್ 3" ಅನ್ನೋದು ಬಾರ್‌ಕೋಡ್ ಕೆಳಗೆ ಇರುವೆ ಸಾಲಿನಂಗೆ ಬರೆದಿತ್ತು. ಬಸ್ಸಲ್ಲಿ ಅದನ್ನೂ ಓದಿದೆ. ಓದಿ ಏನು ಪ್ರಯೋಜನ.

ರಾತ್ರಿ ಗೇಮ್ ಹಾಕಿದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಗ್ರಾಫಿಕ್ಸ್ ಮೆಮೊರಿ ಬಳಕೆಯಾಗುತ್ತೆ ಅಂತ ತೋರಿಸೋ ಒಂದು ಪಟ್ಟಿ ಇದೆ. ನನ್ನದರಲ್ಲಿ ಅರ್ಧ ಪಟ್ಟಿ ಖಾಲಿ. ಖುಷಿಯಾಗಿ ಒಂದೊಂದೇ ಏರಿಸಿದೆ, ಪಟ್ಟಿ ಇನ್ನೂ ಖಾಲಿ. ಆಟ ಶುರುವಾಯ್ತು ನೋಡಿ, ಕಾರು ಎತ್ತಿನಗಾಡಿ ಥರ ತಡವರಿಸ್ತಾ ಹೋಗ್ತಿದೆ. ಸೆಕೆಂಡಿಗೆ ಹದಿನೈದು ಫ್ರೇಮ್ ಬಂದ್ರೆ ಪುಣ್ಯ. ಮಾರನೇ ದಿನ ಸ್ನೇಹಿತನ ಮನೇಲಿ ನೋಡಿದೆ: ಪಟ್ಟಿ ತುಂಬಿ ತುಳುಕ್ತಿದೆ, ಆಟ ಮಾತ್ರ ನೀರು ಕುಡಿದಂಗೆ ಓಡ್ತಿದೆ.

ಇಲ್ಲಿ ಸ್ವಲ್ಪ ಕೊರೀತೀನಿ, ಸಹಿಸ್ಕೊಳ್ಳಿ, ಯಾಕಂದ್ರೆ ನಾನು ಕಳಕೊಂಡಿದ್ದೇ ಇಲ್ಲಿ. ಮೆಮೊರಿ ಎಷ್ಟಿದೆ ಅನ್ನೋದು ಒಂದು, ಅದರಿಂದ ಸೆಕೆಂಡಿಗೆ ಎಷ್ಟು ಡೇಟಾ ಚಿಪ್‌ಗೆ ಬರುತ್ತೆ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಬ್ಯಾಂಡ್‌ವಿಡ್ತ್ ಅಂತಾರೆ, ಡಬ್ಬದ ಮುಂದೆ ಅದನ್ನ ಯಾರೂ ದೊಡ್ಡದಾಗಿ ಬರೆಯಲ್ಲ. ಲೆಕ್ಕ ಏನೂ ಕಷ್ಟ ಅಲ್ಲ. ಬಸ್ (ಮೆಮೊರಿಯಿಂದ ಚಿಪ್‌ಗೆ ಡೇಟಾ ಬರೋ ದಾರಿ) ಎಷ್ಟು ಬಿಟ್ ಅಗಲ ಇದೆಯೋ ಅದನ್ನ ಮೆಮೊರಿಯ ವೇಗದಿಂದ ಗುಣಿಸಿ, ಎಂಟರಿಂದ ಭಾಗಿಸಿ. ನನ್ನ 730: 64 ಬಿಟ್, 1.8 ಗಿಗಾಬಿಟ್, ಅಲ್ಲಿಗೆ ಸೆಕೆಂಡಿಗೆ 14.4 ಜಿಬಿ. ಅವನ 750 ಟಿಐ: 128 ಬಿಟ್, ಜಿಡಿಡಿಆರ್ 5ರ (ಗ್ರಾಫಿಕ್ಸ್‌ಗೇ ಅಂತ ಮಾಡಿದ ವೇಗದ ಮೆಮೊರಿ) 5.4 ಗಿಗಾಬಿಟ್, ಅಲ್ಲಿಗೆ 86.4 ಜಿಬಿ. ಸರಿಯಾಗಿ ಆರು ಪಟ್ಟು! ಕೋರ್ ಲೆಕ್ಕಕ್ಕೆ ಬಂದ್ರೆ ನನ್ನದು 384, ಅವನದು 640, ಎರಡು ಪಟ್ಟೂ ಇಲ್ಲ. ಈ ಲೆಕ್ಕ ಊಟಕ್ಕೆ ಕೂತಾಗ ಅಪ್ಪನಿಗೆ ಬಿಡಿಸಿ ಹೇಳಿದೆ (ಗೇಮ್ ವಿಷಯ ಬಿಟ್ಟು). ಅವರು ಮುದ್ದೆ ಮುರೀತಾ, "ಅಂದ್ರೆ ಗೋಡೌನು ದೊಡ್ಡದು, ಬಾಗ್ಲಲ್ಲಿ ಒಬ್ಬ ಹಮಾಲಿನೂ ನುಸುಳಕ್ಕಾಗಲ್ಲ" ಅಂದ್ರು. ಅಷ್ಟೇ ವಿಷಯ.

ಇದು ಹಳೇ ಪುರಾಣ ಅಂತ ತಳ್ಳಿಹಾಕಬೇಡಿ. ಆಮೇಲೆ ಜಿಟಿ 1030ರಲ್ಲೂ ಇದೇ ಆಯ್ತು, ಜಿಡಿಡಿಆರ್ 5 ಇರೋದು ಸೆಕೆಂಡಿಗೆ 48 ಜಿಬಿ, ಅದೇ ಹೆಸರಲ್ಲಿ ಬಂದ ಡಿಡಿಆರ್ 4ದು 16.8. ಇನ್ನು ನೀವು ಕೇಳ್ತಿರೋ 3060ರಲ್ಲೂ ಎರಡಿವೆ: 12 ಜಿಬಿದು 192 ಬಿಟ್, ಸೆಕೆಂಡಿಗೆ 360 ಜಿಬಿ, 8 ಜಿಬಿದು 128 ಬಿಟ್, ಬರೀ 240. ಯಾರಾದ್ರೂ "3060, ಸ್ವಲ್ಪ ಕಮ್ಮಿಗೆ" ಅಂದ್ರೆ ಮೊದಲು ಡಬ್ಬ ತಿರುಗಿಸಿ ನೋಡಿ.

ಈಗ ನೀವು ಹೇಳ್ತೀರಿ, 4060ರ ಬ್ಯಾಂಡ್‌ವಿಡ್ತ್ 272 ಅಲ್ವಾ, ನಿಮ್ಮ ಲೆಕ್ಕದಲ್ಲಿ 3060ನೇ ಗೆಲ್ಲಬೇಕಿತ್ತು ಅಂತ. ಹೌದು, ಇಲ್ಲಿ ನನ್ನ ಲೆಕ್ಕವೇ ಸೋಲುತ್ತೆ. 4060ರ ಚಿಪ್ ಒಳಗೇ 24 ಎಂಬಿ ಎಲ್2 ಕ್ಯಾಶ್ (ಪದೇ ಪದೇ ಬೇಕಾಗೋ ಡೇಟಾ ಇಟ್ಕೊಳ್ಳೋ ಪುಟ್ಟ ಮೆಮೊರಿ) ಇದೆ, 3060ರಲ್ಲಿ 3 ಎಂಬಿ. ಪದೇ ಪದೇ ಗೋಡೌನಿಗೆ ಓಡೋ ಕೆಲಸವೇ ಕಮ್ಮಿ. ಬೂಸ್ಟ್ ವೇಗವೂ (ಕೆಲಸ ಜೋರಾದಾಗ ಚಿಪ್ ಏರೋ ವೇಗ) 1.78ರಿಂದ 2.46 ಗಿಗಾಹರ್ಟ್ಸ್‌ಗೆ ಏರಿದೆ. ಕೋರ್ ಎಣಿಸೋದನ್ನಂತೂ ಇವತ್ತೇ ಬಿಡಿ. 2060ರಲ್ಲಿ 1920 ಇದ್ದಿದ್ದು 3060ರಲ್ಲಿ 3584 ಆಯ್ತು, ಆಟ ಎರಡು ಪಟ್ಟು ಓಡ್ತಾ? ಇಲ್ಲ. ಒಂದು ತಲೆಮಾರಿನ ಕೋರ್ ಇನ್ನೊಂದು ತಲೆಮಾರಿನ ಕೋರಿಗೆ ಸಮ ಅಲ್ಲ. ಹಂಗಾಗಿ ಈ ಎರಡು ಕಾರ್ಡಿನ ಅಂಕಿಗಳನ್ನ ಅಕ್ಕಪಕ್ಕ ಇಟ್ಟು ನೋಡೋದೇ ದಂಡ. ನೀವು ಮಾಡೋ ಕೆಲಸ ಎರಡರಲ್ಲೂ ಹೇಗೆ ಓಡುತ್ತೆ ಅಂತ ನೋಡಿ.

ನನ್ನ ಮಾತು ಕೇಳೋದಾದ್ರೆ, ಬರೀ ಫುಲ್ ಎಚ್‌ಡಿ ಗೇಮ್ ಆದ್ರೆ 4060. ನೀವು ಬ್ಲೆಂಡರ್ ಅಂತ ಮೊದಲು ಬರೆದಿದ್ದೀರಿ, ಅದು ನಿಜವಾದ್ರೆ 3060, 12 ಜಿಬಿದು. ನಿಧಾನ ಆದ್ರೆ ಎದ್ದು ಹೋಗಿ ಕಾಫಿ ಕುಡ್ಕೊಂಡು ಬರಬಹುದು. ದೃಶ್ಯ 8 ಜಿಬಿಯಲ್ಲಿ ಹಿಡಿಸದಿದ್ರೆ ಕಂಪ್ಯೂಟರಿನ ರ‍್ಯಾಮ್‌ಗೆ ಚೆಲ್ಲಿ ತೆವಳುತ್ತೆ, ಕೆಲವೊಮ್ಮೆ ಮೆಮೊರಿ ಸಾಲದು ಅಂತ ನಿಂತೇ ಹೋಗುತ್ತೆ. ಜಿಬಿ ನೋಡಿ ಮೋಸ ಹೋದವನೇ ಜಿಬಿ ನೋಡಿ ತಗೊಳ್ಳಿ ಅಂತಿದ್ದೀನಿ, ನಗಬೇಡಿ. ಇಲ್ಲಿ ಬಾಗಿಲೂ ಅಗಲ ಇದೆ.

ನೀವು ಬರೆಯದೇ ಇರೋದು ಒಂದಿದೆ. ಕ್ಯಾಬಿನೆಟ್ ಜೊತೆ ಬಂದ ಲೋಕಲ್ ಪವರ್ ಸಪ್ಲೈನಾ ನಿಮ್ಮದು? 3060 ಒಂದೇ 170 ವ್ಯಾಟ್ ಎಳೆಯುತ್ತೆ, 4060ಕ್ಕೆ 115 ಸಾಕು. ಎರಡಕ್ಕೂ ಕಂಪನಿ ಹೇಳೋದು 550 ವ್ಯಾಟಿನ ಸಪ್ಲೈ. ನಮ್ಮ ಕಡೆ ಎಲ್ಲರ ಮನೇಲಿರೋ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ಪ್ರೊಸೆಸರು, ಮಾನಿಟರು ಸೇರಿಸಿದ್ರೆ, ಗೇಮ್ ಮಧ್ಯೆ ಕರೆಂಟ್ ಹೋದಾಗ ಅದು ಕಿರುಚಿಕೊಂಡು ಆಫ್ ಆಗೋ ಸಾಧ್ಯತೆನೇ ಜಾಸ್ತಿ.

ನನ್ನ 730 ಸತ್ತಿಲ್ಲ. ಸಕಲೇಶಪುರದಲ್ಲಿ ಮಾವನ ಆಫೀಸಿನ ಕಂಪ್ಯೂಟರಲ್ಲಿದೆ, ಎರಡು ಮಾನಿಟರು, ಒಂದರಲ್ಲಿ ಕಾಫಿ ರೇಟು, ಇನ್ನೊಂದರಲ್ಲಿ ಬಿಲ್ಲು. ನಾಕು ಜಿಬಿ ಕಾರ್ಡು ಅಂತ ಬಂದವರಿಗೆಲ್ಲ ಹೇಳ್ಕೋತಾರೆ. ನಾನು ಸುಮ್ಮನಿರ್ತೀನಿ. ನೀವು ಮೊದಲು ಪವರ್ ಸಪ್ಲೈ ಮೇಲಿನ ಸ್ಟಿಕ್ಕರ್ ಫೋಟೋ ಹಾಕಿ, ಆಮೇಲೆ ಮಾತಾಡೋಣ.