ಇಂಗಿನ ಡಬ್ಬಿ ಯಾವುದು?

ರಾಜಾಜಿನಗರದ ನಿವೃತ್ತ ಓದುಗರೊಬ್ಬರ ಪತ್ರದ ಸಾರ: ‘ಸೊಸೆ ರಾತ್ರಿ ಒಂಬತ್ತರವರೆಗೆ ಅಮೆರಿಕದವರೊಡನೆ ಮೀಟಿಂಗಿನಲ್ಲಿರುತ್ತಾಳೆ. ವೈಟ್‌ಫೀಲ್ಡಿನಿಂದ ದಣಿದು ಬಂದ ಮಗ ಕುಕ್ಕರ್ ಇಡುತ್ತಾನೆ. ಈ ಹೊಸ ಗಾಳಿಯಲ್ಲಿ, ನಮ್ಮ ಕಾಲದ ದಾಂಪತ್ಯದ ಸುಖ ಇವರಿಗೆ ಸಿಕ್ಕೀತೇ?’

ಸಂಪಾದಕರ ಉತ್ತರ:

ಮಾನ್ಯರೇ, ಮಗನ ದಣಿವು ಕಂಡು ತಂದೆಯ ಮನಸ್ಸು ನೋಯುವುದು ಸಹಜ. ಪ್ರತಿಯೊಂದು ಕೆಲಸಕ್ಕೂ ಲೆಕ್ಕವಿಡುವ ಸಂಸಾರ ಬೇಗ ಒಣಗುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ‘ನಮ್ಮ ಕಾಲದ ಸುಖ’ ಎಂದಿರಲ್ಲ, ಅದು ಯಾರ ಸುಖ?

ನಮ್ಮ ತಂದೆ ನಿವೃತ್ತರಾದ ವರ್ಷ, ಮಲ್ಲೇಶ್ವರದ ಮನೆಯ ಬಚ್ಚಲಿನಲ್ಲಿ ಜಾರಿ ತಾಯಿ ಬಲಗೈ ಮುರಿದುಕೊಂಡರು. ಮೂವತ್ತು ವರ್ಷ ಅದೇ ಮನೆಯಲ್ಲಿ ಉಂಡ ತಂದೆಗೆ ಇಂಗಿನ ಡಬ್ಬಿ ಯಾವುದೆಂದು ಗೊತ್ತಿರಲಿಲ್ಲ. ತಾಯಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಹೇಳಿಕೊಡುತ್ತಿದ್ದರು, ಇವರು ಹುಳಿ ಕುದಿಸುತ್ತಿದ್ದರು. ದಿನಸಿ, ಫೀಸು, ನೆಂಟರ ಮದುವೆಗಳನ್ನು ಬಿಟ್ಟು ಅವರಿಬ್ಬರೂ ಬೇರೆ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆ ಆರು ವಾರಗಳಲ್ಲಿ. ಕೈ ವಾಸಿಯಾದ ಮೇಲೂ ಬೆಳಗಿನ ಡಿಕಾಕ್ಷನ್ ತಂದೆಯದೇ ಆಗಿ ಉಳಿಯಿತು. ಅಂದಿನಿಂದ ‘ಹೆಂಡತಿಗೆ ಸಹಾಯ’ ಎಂಬ ಮಾತು ನನಗೆ ಹಿಡಿಸುವುದಿಲ್ಲ. ತಾನು ಉಣ್ಣುವ ಅನ್ನ ತಾನು ಬೇಯಿಸಿದರೆ ಅದು ಯಾರಿಗೆ ಮಾಡಿದ ಸಹಾಯ?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಿಮ್ಮ ಮಗ ಅಪರೂಪದವನು; ಅವನನ್ನು ಹಾಗೆ ಬೆಳೆಸಿದ ಹೆಮ್ಮೆ ನಿಮ್ಮ ಪತ್ರದಲ್ಲಿ ಇರಬೇಕಿತ್ತು.

ಇದನ್ನು ಹೊಸ ಗಾಳಿ ಎಂದು ಕರೆದಿದ್ದೀರಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲೇ ಸುರಿದು ಬನ್ನಿ ಎಂದು ತಿದ್ದಿದವಳು ಹೆಂಡತಿ ಲಕ್ಕಮ್ಮ. ಆ ಮಾತು ಕೇಳಿದ ಮಾರಯ್ಯನನ್ನು ಕನ್ನಡನಾಡು ಇಂದಿಗೂ ಶರಣನೆಂದೇ ನೆನೆಯುತ್ತದೆ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ತಾಯಿಗೆ 26 ವಾರಗಳ ಹೆರಿಗೆ ರಜೆ ಸಿಕ್ಕಿತು, ಅದು ನ್ಯಾಯವೇ. ಆದರೆ ತಂದೆಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯವನಾದರೆ ಅದು ಮಾಲೀಕರ ಮರ್ಜಿ. ಹೀಗೆ ಹುಟ್ಟಿದ ವಾರದಿಂದಲೇ ಮಗು ತಾಯಿಯ ಜವಾಬ್ದಾರಿಯಾಗುತ್ತದೆ, ಮುಂದೆ ಜ್ವರ ಬಂದರೆ ಶಾಲೆಯಿಂದ ಫೋನು ಬರುವುದೂ ಅವಳಿಗೇ. ನಮ್ಮ ಊರಿನ ಅಪಾರ್ಟ್‌ಮೆಂಟುಗಳನ್ನೇ ನೋಡಿ: ಹಾಲ್ ವಿಶಾಲ, ಅಡುಗೆಮನೆಯಲ್ಲಿ ಮಾತ್ರ ಒಬ್ಬರು ನಿಂತರೆ ಇನ್ನೊಬ್ಬರು ಹಾಯುವಂತಿಲ್ಲ. ಅಲ್ಲಿ ಇಬ್ಬರು ನಿಲ್ಲಬಹುದೆಂದು ನಕ್ಷೆ ಬರೆದವರಿಗೆ ತೋಚಲೇ ಇಲ್ಲ.

ನಿಮ್ಮ ಎರಡು ಪುಟಗಳ ಪತ್ರದಲ್ಲಿ ನಿಮ್ಮ ಶ್ರೀಮತಿಯವರ ಅಭಿಪ್ರಾಯ ಒಂದು ಸಾಲೂ ಇಲ್ಲ. ನಿಮ್ಮ ಕಾಲದ ಸುಖದ ಬಗ್ಗೆ ಅವರೇ ಬರೆದು ಕಳಿಸಲಿ. ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.