ಹಳೇ ಆಫೀಸ್ ಲೈಸೆನ್ಸ್ ಬಿಟ್ಟು ವರ್ಷದ ಬಾಡಿಗೆಗೆ ಹೋಗಬೇಕಾ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ, ಜೊತೆಗೆ ಒಂದು ಕೋಲ್ಡ್ ಸ್ಟೋರೇಜ್. 2019ರಲ್ಲಿ ಮೈಕ್ರೋಸಾಫ್ಟ್‌ನ ಓಪನ್ ಲೈಸೆನ್ಸ್ ಸ್ಕೀಮ್‌ನಲ್ಲಿ 18 ಕಂಪ್ಯೂಟರಿಗೆ ಆಫೀಸ್ 2019 ತಗೊಂಡಿದ್ದೆವು. ಈಗ ಮಾರುವವರು ಬಂದು "ಅದು ಬಂದ್ ಆಯ್ತು, 18ಕ್ಕೂ ಮೈಕ್ರೋಸಾಫ್ಟ್ 365 ಹಾಕಿಸಿ, ವರ್ಷ ವರ್ಷ ಕಟ್ಟಿ" ಅಂತಾರೆ. ದುಡ್ಡು ಕೊಟ್ಟು ಕೊಂಡದ್ದಕ್ಕೆ ಮತ್ತೆ ಬಾಡಿಗೆ ಯಾಕೆ ಸರ್?

ಉತ್ತರ: ಬಂದ್ ಆಗಲ್ಲ ಸಾವುಕಾರ್ರೆ. ನಿಮ್ಮದು ಕಾಯಂ ಲೈಸೆನ್ಸ್, ನಾಳೆ ಬೆಳಿಗ್ಗೆಯೂ ಎಕ್ಸೆಲ್ ತೆರೆಯುತ್ತದೆ. ಆದರೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆಫೀಸ್ 2019ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ವಿಂಡೋಸ್ 10ಕ್ಕೂ ಅದೇ ದಿನ. ಇನ್ನು ಅದರಲ್ಲಿ ವೈರಸ್ ನುಗ್ಗುವಂಥ ಹೊಸ ತೂತು ಕಂಡರೆ ಮುಚ್ಚಿಕೊಡುವವರಿಲ್ಲ. ಊರೂರಿನ ಖರೀದಿದಾರರು ಕಳಿಸುವ ಫೈಲ್‌ಗಳನ್ನು ದಿನವಿಡೀ ತೆರೆಯುವ ಮಷಿನ್‌ಗೆ ಇದು ಸಣ್ಣ ಮಾತಲ್ಲ.

ಹಾಗಂತ 18ಕ್ಕೂ ಬೇಕಾ? ನನಗೆ ಅನಿಸಲ್ಲ. ಹಳೇ ಲೈಸೆನ್ಸ್ ಕಂಪ್ಯೂಟರಿಗೆ ಒಂದರಂತೆ, 365 ಆಳಿಗೆ ಒಂದರಂತೆ. ಆದ್ದರಿಂದ ಮಷಿನ್ ಎಣಿಸಬೇಡಿ, ಜನರನ್ನು ಎಣಿಸಿ. 365ರಲ್ಲಿ ಬಿಸಿನೆಸ್ ಸ್ಟ್ಯಾಂಡರ್ಡ್ ಅನ್ನುವ ಪ್ಲಾನ್ ತಗೊಂಡರೆ ಒಬ್ಬರು 5 ಕಂಪ್ಯೂಟರಿನಲ್ಲಿ ಆಫೀಸ್ ಹಾಕಿಕೊಳ್ಳಬಹುದು. ಬಿಸಿನೆಸ್ ಬೇಸಿಕ್ ಅನ್ನುವ ಪ್ಲಾನ್ ಅಗ್ಗ, ಆದರೆ ಅದು ಬ್ರೌಸರ್ ಮತ್ತು ಮೊಬೈಲ್‌ನಲ್ಲಿ ಮಾತ್ರ. ಬರೀ ಮೇಲ್ ನೋಡಿ ಲಾಟ್ ನಂಬರ್ ತುಂಬುವವರಿಗೆ ಅದು ಸಾಕು, ನೆಟ್ ಹೋದರೆ ಮಾತ್ರ ಅವರು ಸುಮ್ನೆ ಕೂರಬೇಕು. ಸ್ಟ್ಯಾಂಡರ್ಡ್‌ಗೆ ಆ ಕಷ್ಟವಿಲ್ಲ, 30 ದಿನಕ್ಕೊಮ್ಮೆ ನೆಟ್ ಸಿಕ್ಕರೆ ಆಯ್ತು. ಬಾಡಿಗೆ ಬೇಡವೇ ಬೇಡ ಅನ್ನುವ ಮಷಿನ್‌ಗಳಿಗೆ ಒಂದೇ ಸಲ ದುಡ್ಡು ಕೊಡುವ ಆಫೀಸ್ 2024 ಈಗಲೂ ಸಿಗುತ್ತದೆ, ಅದಕ್ಕೆ 2029ರ ಅಕ್ಟೋಬರ್‌ವರೆಗೆ ಬೆಂಬಲ ಇದೆ. ಇದನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಮುಖ್ಯ ವಿಷಯ ನಿಮ್ಮ ಸೀಸನ್. ವರ್ಷದ ಕರಾರು ಮಾಡಿದರೆ ಮೊದಲ 7 ದಿನ ಬಿಟ್ಟು ಆಮೇಲೆ ಆಳಿನ ಸಂಖ್ಯೆ ಏರಿಸಬಹುದು, ಇಳಿಸಲು ಬರಲ್ಲ. ಮೆಣಸಿನಕಾಯಿ ಆವಕ ಜೋರಿದ್ದಾಗ ಬಂದು ಬೇಸಿಗೆ ಮುಗಿದ ಮೇಲೆ ಹೋಗುವ ಹುಡುಗರಿಗೂ ವರ್ಷಪೂರ್ತಿ ಕಟ್ಟುತ್ತಾ ಹೋಗಬೇಕಾಗುತ್ತದೆ. ಕಾಯಂ ಇರುವವರಿಗೆ ವರ್ಷದ್ದು, ಸೀಸನ್ ಹುಡುಗರಿಗೆ ತಿಂಗಳಿನದ್ದು ಮಾಡಿಸಿ. ತಿಂಗಳಿನದ್ದು ಸುಮಾರು 20% ಜಾಸ್ತಿ, ಆದರೂ ಲೆಕ್ಕ ಹಾಕಿ ನೋಡಿ, ನಿಮಗೆ ಅದೇ ಅಗ್ಗ.

ಇನ್ನು ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ವಿಷಯ. ರೈತರಿಗೆ ಕೊಡುವ ಪಟ್ಟಿ, ಹಳೇ ಪತ್ರ ಎಲ್ಲ ಹಳೇ ನುಡಿ ಫಾಂಟಿನಲ್ಲಿ ಇರುತ್ತವೆ ಅಲ್ವಾ? ಅಂಥ ಫೈಲನ್ನು ಮೊಬೈಲ್‌ನಲ್ಲಿ ತೆರೆದರೆ ಕನ್ನಡ ಹೋಗಿ ಬರೀ ವಿಚಿತ್ರ ಚಿಹ್ನೆ ಕಾಣುತ್ತದೆ. ಕ್ಲೌಡ್‌ಗೆ ಏರಿಸುವ ಮೊದಲೇ ಎಲ್ಲ ಮಷಿನ್, ಮೊಬೈಲ್‌ನಲ್ಲೂ ಕನ್ನಡ ಸರಿಯಾಗಿ ಕಾಣುವ ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಒತ್ತಕ್ಷರ ಒಂದೊಂದು ಕಡೆ ಎಡವಟ್ಟಾಗುತ್ತದೆ, ಕೂತು ತಿದ್ದಬೇಕು. ಕಮಿಷನ್, ಹಮಾಲಿ ಲೆಕ್ಕಕ್ಕೆ ಎಕ್ಸೆಲ್‌ನಲ್ಲಿ ಮ್ಯಾಕ್ರೋ (ತಾನಾಗಿ ಲೆಕ್ಕ ಮಾಡುವ ಸಣ್ಣ ಪ್ರೋಗ್ರಾಂ) ಬರೆಸಿದ್ದರೆ ಅದು ಬ್ರೌಸರಿನಲ್ಲಿ ಓಡಲ್ಲ, ಆ ಗುಮಾಸ್ತರಿಗೆ ಬೇಸಿಕ್ ಸಾಲದು, ಸ್ಟ್ಯಾಂಡರ್ಡ್ ಅಥವಾ ಆಫೀಸ್ 2024 ಬೇಕು. ಟ್ಯಾಲಿ ಬೇರೆ ಲೈಸೆನ್ಸು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಂಡೋಸ್ ಕೂಡ ಈ ಎರಡು ಪ್ಲಾನಿನಲ್ಲಿ ಬರಲ್ಲ.

ಒಂದು ತಪ್ಪು ನಾನೇ ಮಾಡಿದ್ದು ಹೇಳ್ತೀನಿ. ಹುಬ್ಬಳ್ಳಿಯ ನನ್ನ ಆಫೀಸಿನಲ್ಲಿ ಅಡ್ಮಿನ್ ಖಾತೆಯ (ಎಲ್ಲರ ಖಾತೆ ನಿಯಂತ್ರಿಸುವ ಖಾತೆ) ಒಟಿಪಿ ಒಬ್ಬ ಹುಡುಗನ ಮೊಬೈಲಿಗೆ ಬರುತ್ತಿತ್ತು. ಅವನು ಕೆಲಸ ಬಿಟ್ಟ, ಸಿಮ್ಮೂ ಬದಲಿಸಿದ. ನಮ್ಮ ಮನೆಗೆ ನಾವೇ ಹೊರಗಿನವರಾಗಿ ವಾರಗಟ್ಟಲೆ ಒದ್ದಾಡಿದೆವು. ಡೊಮೈನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ನಿಮ್ಮ ಹೆಸರಿನಲ್ಲೇ ಇರಲಿ, ಅಡ್ಮಿನ್ ಖಾತೆ ಎರಡಿರಲಿ, ಒಂದು ನಿಮ್ಮ ಕೈಯಲ್ಲೇ. ಯಾರಾದರೂ ಕೆಲಸ ಬಿಟ್ಟಾಗ ಅವರ ಖಾತೆ ತಕ್ಷಣ ಅಳಿಸಬೇಡಿ, ಅಳಿಸಿ 30 ದಿನ ಕಳೆದರೆ ಮೇಲ್ ಎಲ್ಲ ಹೋಗುತ್ತದೆ. ಅದನ್ನು ಶೇರ್ಡ್ ಮೇಲ್‌ಬಾಕ್ಸ್ (ಹಲವರು ನೋಡಬಹುದಾದ ಮೇಲ್ ಪೆಟ್ಟಿಗೆ) ಮಾಡಿಟ್ಟರೆ 50 ಜಿಬಿವರೆಗೆ ಲೈಸೆನ್ಸ್ ಇಲ್ಲದೇ ಉಳಿಯುತ್ತದೆ.

ಆವಕ ತಗ್ಗಿದ ಮೇಲೆ, ಜುಲೈ ಹೊತ್ತಿಗೆ, ಗುಮಾಸ್ತರದ್ದು ಮತ್ತು ವೇಬ್ರಿಜ್‌ನದ್ದು ಎರಡೇ ಮಷಿನ್ ಮೊದಲು ಬದಲಿಸಿ ನೋಡಿ. ಹಳೇ ಆಫೀಸ್ ತೆಗೆದೇ ಹೊಸದು ಹಾಕಬೇಕು, ಎರಡೂ ಒಂದೇ ಮಷಿನ್‌ನಲ್ಲಿ ಕೂರಲ್ಲ, ಹಾಗಾಗಿ ಹಳೇ ಕೀ ಮತ್ತು ಬಿಲ್ ಕಡತದಲ್ಲಿ ಜೋಪಾನವಾಗಿರಲಿ.